ಒಣಗಲೊಲ್ಲದ ಹೊರಮನೆ

ಎಪ್ಪತ್ತೆರಡರ ಚುನ್‌ಹ್ವಾಗೆ ಉಸಿರು ಬಿಗಿಹಿಡಿದು ಕಡಲ ತಳದಿಂದ ಚಿಪ್ಪುಮೀನು ಕಿತ್ತು ತರಲು ಭಯವಿರಲಿಲ್ಲ. ಭಯವಿದ್ದದ್ದು ಅಂಗಳ ದಾಟಿ ಹೊರಮನೆ ಸೇರುವುದಕ್ಕೆ. ಜೆಜು ದ್ವೀಪದಲ್ಲಿ ಒಂದೇ ಅಂಗಳಕ್ಕೆ ಎರಡು ಮನೆ, ಎರಡು ಒಲೆ. ಕೈಲಾಗದ ಕಾಲ ಬಂದಾಗ ಹೆತ್ತವರು ಒಳಮನೆಯನ್ನು ಹಿರಿಮಗನಿಗೆ ಬಿಟ್ಟು ಹೊರಮನೆಗೆ ಹೋಗಬೇಕು. ಮನೆಯ ಜೊತೆಗೆ ಯಜಮಾನಿಕೆಯೂ ಹೋಗುತ್ತದೆ, ಸತ್ತ ಹಿರಿಯರ ತಿಥಿಗಳೂ ಹೋಗುತ್ತವೆ. ಚುನ್‌ಹ್ವಾಳ ಕೈ ಇನ್ನೂ ಗಟ್ಟಿಯಾಗಿತ್ತು. ಆದರೆ ಪಕ್ಕದ ಓಣಿಯಲ್ಲಿ ಹೆಂಡತಿಯೊಡನೆ ಬಾಡಿಗೆಗಿದ್ದ ಮಗ ತೆಗ್ಯು, ಅವ್ವ ಇನ್ನಾದರೂ ಆರಾಮಾಗಿರಲಿ ಎಂದು ಹೊರಮನೆಯ ರಿಪೇರಿಗೆ ನಿಂತೇಬಿಟ್ಟ. ಬೇಡವೆನ್ನಲು ಅವಳ ಬಿಗುಮಾನ ಬಿಡಲಿಲ್ಲ.

ಮೂವತ್ತು ವರ್ಷ ಕಿತ್ತಳೆ ಪೆಟ್ಟಿಗೆ ಹೊತ್ತ ನೆಲ ಹೊರಮನೆಯದು. ಒಂದೆಡೆ ಗುಂಡಿ, ಒಂದೆಡೆ ದಿಣ್ಣೆ. ತೆಗ್ಯು ದಿಣ್ಣೆ ಕೆತ್ತಿದ, ಗುಂಡಿಗೆ ಸಿಮೆಂಟು ತುಂಬಿದ, ಉದ್ದನೆಯ ಪಟ್ಟಿ ಎಳೆದು ಮಟ್ಟ ಮಾಡಿದ. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿದ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ನೀರಹನಿ ಇಲ್ಲದಿದ್ದರೆ ನೆಲ ಒಣಗಿದಂತೆ; ಹೊಸ ಹಾಸು ಹಾಕಬಹುದು.

ಹನಿ ದಿನಾಲೂ ಇರುತ್ತಿತ್ತು. ಇರದೇ ಏನು? ಮಧ್ಯಾಹ್ನ ಮಗ ಉಂಡು ಮಲಗಿದ ಹೊತ್ತಿಗೆ, ಮುಳುಗುವ ಉಡುಪು ತೊಳೆಯುವ ನೆಪದಲ್ಲಿ ಚುನ್‌ಹ್ವಾ ಹೊರಮನೆಯ ಹಿಂಗೋಡೆಯ ಕಲ್ಲುಸಂದಿಗೆ ಎರಡು ಬಕೆಟ್ ನೀರು ಹೊಯ್ದು ಬರುತ್ತಿದ್ದಳು. ಪಾಪಭಯವೇನೂ ಕಾಡಲಿಲ್ಲ. ಆ ದಿನಗಳಲ್ಲಿ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತಿತ್ತು.

ತೆಗ್ಯು ಫ್ಯಾನು ತಂದಿಟ್ಟ, ಸುಣ್ಣ ಹರಡಿದ, ಸಿಮೆಂಟು ಮಾರಿದವನನ್ನು ಬೈದ, ಕೊನೆಗೆ ಸಮುದ್ರವನ್ನೂ ಬೈದ. ಹದಿನಾರನೆಯ ದಿನ ಸೊಂಟ ಹಿಡಿದು ಕುಳಿತವನು, ಎಲ್ಲ ಒಡೆದು ಮೊದಲಿಂದ ಮಾಡುತ್ತೇನೆ ಎಂದ. ಧೂಳಿಗೆ ಅವನ ಕಣ್ಣು ಕೆಂಪಗಾಗಿತ್ತು. ಹೆತ್ತ ಕರುಳು ಚುರ್ರೆಂದಿತು. ಹೋಗಲಿ, ಮನೆ ಅವರಿಗೇ ಇರಲಿ ಎಂದು ಚುನ್‌ಹ್ವಾ ಅಂದಿನಿಂದ ಬಕೆಟ್ ಮುಟ್ಟಲಿಲ್ಲ.

ನಾಲ್ಕು ದಿನ ಕಳೆದರೂ ಹಾಳೆಯ ಅಡಿಯಲ್ಲಿ ಹನಿ ಹಾಗೆಯೇ ಇತ್ತು! ಆ ನೆಲದ ತೇವದ ಲೆಕ್ಕ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಐದನೆಯ ಮಧ್ಯಾಹ್ನ ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ಇಣುಕಿದಳು. ಸೊಸೆ ಸೊನ್ಹಿ ಕುಕ್ಕರಗಾಲಲ್ಲಿ ಕುಳಿತು, ಹಾಳೆಯ ಮೂಲೆ ಎತ್ತಿ, ಸಸಿಗೆ ಹಾಕುವ ಹಾಗೆ ಕೆಟಲಿನಿಂದ ನೀರು ಹಾಕುತ್ತಿದ್ದಳು.

"ಏನೇ ಮಾಡ್ತಾ ಇದೀಯ?"

ಸೊನ್ಹಿ ಗಾಬರಿಯಾದರೂ ಕೆಟಲು ಕೆಳಗಿಡಲಿಲ್ಲ. "ಬೈಬೇಡಿ ಅತ್ತೆ. ನೀವಿಲ್ಲಿಗೆ ಬಂದ್ರೆ ಒಳಮನೆ ನನ್ನ ತಲೆಗೆ ಬೀಳುತ್ತೆ. ವರ್ಷಕ್ಕೆ ಒಂಬತ್ತು ತಿಥಿ ಯಾರು ಮಾಡ್ತಾರೆ? ಆ ಮನೆ ನಂಗೆ ಬೇಡ. ನೀವೇ ಇಟ್ಕೊಳ್ಳಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಚುನ್‌ಹ್ವಾ ಕುಣಿಯಬೇಕಿತ್ತು. ಕುಣಿಯಲಾಗಲಿಲ್ಲ. ಆ 'ಬೇಡ' ಎಂಬ ಮಾತು ಎದೆಗೆ ನಾಟಿತು. ನಲವತ್ತು ವರ್ಷ ಆ ತಿಥಿಗಳಿಗೆಂದು ಹಂದಿಮಾಂಸ ಕಡ್ಡಿಗೆ ಪೋಣಿಸಿದ್ದಳು, ಮೀನು ಒಣಗಿಸಿ ಸುಟ್ಟಿದ್ದಳು, ಉಪ್ಪು ಕಡಿಮೆ ಎನ್ನಲೆಂದೇ ಬರುವ ದಾಯಾದಿಗಳಿಗೆ ಬಡಿಸಿದ್ದಳು. ನಿನಗೆ ಬೇಕೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಬೇಡ ಅನ್ನಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು, ಹಿಂದೆಯೇ ನಗುವೂ ಬಂತು.

ಸೊಸೆಯ ಕೈಯಿಂದ ಕೆಟಲು ಕಿತ್ತು ಅಂಗಳಕ್ಕೆ ಚೆಲ್ಲಿದಳು.

"ಹದಿನಾರು ದಿನ ನಾನೂ ಹೊಯ್ದೆ ಕಣೇ, ಆ ಹಿಂಗೋಡೆಗೆ. ನಿಂಗೆ ಬೇಡ ಅಂತ ಗೊತ್ತಿದ್ದಿದ್ರೆ ಮೊದಲ್ನೇ ದಿನಾನೇ ಒಳಮನೆ ನಿಂಗೇ ಬಿಟ್ಟುಕೊಡ್ತಿದ್ದೆ."

ಸೊನ್ಹಿಯ ಮುಖ ಸಪ್ಪಗಾಯಿತು. ಮರುದಿನದಿಂದ ಚುನ್‌ಹ್ವಾ ಕಡಲಿಗೆ ಹೋಗಲಿಲ್ಲ. ಹೊರಮನೆಯ ಹೊಸ್ತಿಲಿಗೆ ಚಾಪೆ ಹಾಸಿ ಕುಳಿತಳು. ನೆಲ ಒಣಗುವ ತನಕ ಸೊಸೆಯನ್ನು ಆ ಕಡೆ ಸುಳಿಯಗೊಡಲಿಲ್ಲ.