ಚಪ್ಪಲಿ ಅಂಗಡಿಯಲ್ಲಿ ಅಕ್ಕನ ಬಾಯಿಗಳು

ಇದು ನಡೆದ ಕಥೆ. ನಂಬಿಕೆ ಬರದಿದ್ದರೆ ನನ್ನ ಅಕ್ಕನನ್ನು ಕೇಳಿ. ನಾನು ಹೇಳುವುದೆಲ್ಲ ಬುರುಡೆ ಎನ್ನುವ ಅವಳೂ ಇದೊಂದಕ್ಕೆ ತಲೆಯಾಡಿಸುತ್ತಾಳೆ.

ಅಕ್ಕ ಹೊಟ್ಟೆಪಾಡಿಗೆ ಕಟ್ಟುಹಲ್ಲು ತಯಾರಿಸುತ್ತಾಳೆ. ಬಿಡುವಾದಾಗ ಬಾಯಿಗಳ ಚಿತ್ರ ಬರೆಯುತ್ತಾಳೆ. ಆಕಳಿಸುವ ಬಾಯಿ, ಬೈಯುವ ಬಾಯಿ, ಗುಂಡುಸೂಜಿ ಕಚ್ಚಿಕೊಂಡ ದರ್ಜಿಯ ಬಾಯಿ, ಒಂದೊಂದೂ ಬಾಗಿಲಷ್ಟು ದೊಡ್ಡದು. ಅವುಗಳ ಫೋಟೋ ಹಿಡಿದು ಊರಿನ ದೊಡ್ಡ ಗ್ಯಾಲರಿಗೆ ಹೋದಾಗ ನಾನೂ ಜೊತೆಗಿದ್ದೆ. ಯಜಮಾನರು ಒಂದೊಂದು ಫೋಟೋಗೂ ಮೂಗಿನಲ್ಲೊಂದು ರಾಗ ಎಳೆದು, ಒಂದು ಕೆಮ್ಮು ಕೆಮ್ಮಿ, ತೀರ್ಪು ಕೊಟ್ಟರು.

"ಹ್ಞೂಂ... ಬಾಯೇನೋ ಚೆನ್ನಾಗಿದೆ ಕಣಮ್ಮ. ಆದ್ರೆ ಸೋಫಾ ಮೇಲ್ಗಡೆ ಯಾರು ಬಾಯಿ ನೇತುಹಾಕ್ತಾರೆ? ಮೊದ್ಲು ಒಂದು ಏಕವ್ಯಕ್ತಿ ಪ್ರದರ್ಶನ ಮಾಡ್ಕೊಂಡ್ ಬಾ. ಆಮೇಲೆ ನೋಡೋಣ."

"ಗ್ಯಾಲರಿಯವ್ರು ಜಾಗ ಕೊಡ್ದೆ ಎಲ್ಲಿ ಮಾಡ್ಲಿ ಸಾರ್?"

"ಅದನ್ನೂ ನೋಡೋಣ."

ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ನೋಡೋಣಪ್ಪ.

ಅಕ್ಕ ಅಳಲಿಲ್ಲ. ಬೀದಿಗಿಳಿದವಳೇ, "ಇವ್ರ ಗೋಡೆ ಯಾರಿಗೆ ಬೇಕು ಹೋಗೋ!" ಎಂದಳು. ಚಿಕ್ಕಪ್ಪನ ಚಪ್ಪಲಿ ಅಂಗಡಿ ಮುಚ್ಚಿ ಖಾಲಿ ಬಿದ್ದಿತ್ತು. ನಾವಿಬ್ಬರೂ ಕಾಡಿ ಬೇಡಿ ಬೀಗದ ಕೈ ಗಿಟ್ಟಿಸಿದೆವು. ಗ್ಯಾಲರಿಗಳು ಹೊರಗೆ ನಿಲ್ಲಿಸಿದ ಕಲಾವಿದರಿಗೆ ಮಾತ್ರ ಜಾಗ, ಒಂದು ಸಲಕ್ಕೆ ಒಬ್ಬರೇ, ಅಷ್ಟೂ ಗೋಡೆ ಅವರದ್ದೇ ಎಂದು ನಿಯಮ ಮಾಡಿದೆವು. ಅಕ್ಕನ ನಂತರದ ಸರದಿಗೆ ತಗಡಿನ ಹಕ್ಕಿ ಮಾಡುವ ಮೆಕ್ಯಾನಿಕ್ ಒಬ್ಬ ಆಗಲೇ ಕಾದು ಕೂತಿದ್ದ. ಚಿಕ್ಕಪ್ಪನದು ಒಂದೇ ಷರತ್ತು.

"ದೊಡ್ಡೋರ ಹತ್ರ ಜಗಳ ಗಿಗಳ ಆದ್ರೆ ಶಟರ್ ಎಳೆದುಬಿಡ್ತೀನಿ. ಅಲ್ಲಿಗೆ ಮುಗೀತು. ನಿಂದೂ, ಆ ಹಕ್ಕಿಯವಂದೂ."

ಆ ಷರತ್ತಿಗೆ ನಾನು "ಸರಿ ಚಿಕ್ಕಪ್ಪ" ಎಂದೆ. ಎಂದವನೇ ಹೋಗಿ ಮಾಡಬಾರದ್ದನ್ನೇ ಮಾಡಿದೆ. ಪ್ರತಿ ಚಿತ್ರದ ಪಕ್ಕದಲ್ಲೂ ಒಂದು ಹೆಡ್‌ಫೋನ್ ತೂಗುಹಾಕಿದೆ. ಕಿವಿಗಿಟ್ಟರೆ ಸಾಕು, ನೋಡೋಣಪ್ಪನವರ ಧ್ವನಿಯಲ್ಲಿ ಆ ಚಿತ್ರಕ್ಕೆ ಸಿಕ್ಕ ತೀರ್ಪು! ಅಣಕಿಸಿದ ಧ್ವನಿ ನನ್ನದು. ರಾಗ, ಕೆಮ್ಮು, ಮಾತು ಅವರವೇ.

ಜನ ಕೇಳುತ್ತ ನಕ್ಕರು, ನಗುತ್ತ ಚಿತ್ರ ನೋಡಿದರು, ನೋಡುತ್ತ ಅಲ್ಲೇ ನಿಂತುಬಿಟ್ಟರು. ಮರುದಿನ ನೆಂಟರಿಷ್ಟರನ್ನೂ ಕರೆತಂದರು. ಸುದ್ದಿ ಗ್ಯಾಲರಿಗೂ ಮುಟ್ಟಿತು. ಒಂದು ಸಂಜೆ ಹೆಂಡತಿಯೊಂದಿಗೆ ಯಜಮಾನರೇ ಬಂದು ಇಳಿದರು.

ಹೆಡ್‌ಫೋನ್ ಕಿವಿಗಿಟ್ಟುಕೊಂಡರು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಯಾರಯ್ಯಾ ಇದು? ನಾನು ಹೀಗೆ ಮಾತಾಡ್ತೀನಾ?"

ಅವರ ಹೆಂಡತಿ ಹೆಡ್‌ಫೋನ್ ಕಸಿದುಕೊಂಡು ಕೇಳಿದರು. "ಮನೇಲಿ ಕೆಮ್ಮು ಇನ್ನೂ ಜಾಸ್ತಿ," ಎಂದರು.

"ಇದನ್ನೆಲ್ಲ ಈಗ್ಲೇ ತೆಗೀಬೇಕು!"

ನಾನು ಮೆಲ್ಲಗೆ ಅಕ್ಕನ ಬೆನ್ನ ಹಿಂದೆ ಸರಿದೆ. ಅಕ್ಕ ಮಾತ್ರ ಅಲುಗಲಿಲ್ಲ. "ತೆಗೆಯಲ್ಲ ಸಾರ್. ನೀವು ಹೇಳಿದ್ದು ಬಿಟ್ಟು ಒಂದಕ್ಷರ ಸೇರಿಸಿದ್ರೆ ಹೇಳಿ, ಅದನ್ನ ಮಾತ್ರ ತೆಗೀತೀನಿ."

ಯಜಮಾನರು ಹೆಂಡತಿಯ ಕೈಯಿಂದ ಹೆಡ್‌ಫೋನ್ ಕಿತ್ತುಕೊಂಡು ಮತ್ತೆ ಕಿವಿಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. "ಬೇಡ ಅಂದ್ರೆ ಕೇಳಿದ್ರೇನೋ ಪಾಪಿಗಳಾ!" ಎನ್ನುತ್ತ ಒಳಗೆ ನುಗ್ಗಿ, ಕೊಕ್ಕೆ ಹಾಕಿ ಶಟರನ್ನು ಗಡಗಡನೆ ಕೆಳಗೆಳೆದ. ಎಲ್ಲರೂ ಒಳಗೇ ಉಳಿದೆವು.

ಶಟರಿನ ಒಳಮೈ ತುಂಬ ಒಂದು ಬಾಯಿ. ನಮ್ಮ ಅಜ್ಜಿಯದು. ಒಂದೇ ಒಂದು ಹಲ್ಲು, ಮಡಿಕೆ ಮಡಿಕೆಯಾದ ಕೆನ್ನೆ, ಕಿರುನಾಲಿಗೆ ಕಾಣುವಷ್ಟು ಜೋರು ನಗು. ಗೋಡೆ ಸಾಲದೆ ಅಕ್ಕ ಅಲ್ಲಿ ಬರೆದಿದ್ದಳಂತೆ. ಅಂಗಡಿ ತೆರೆದಿದ್ದಾಗೆಲ್ಲ ಅದು ಸುರುಳಿ ಸುತ್ತಿ ಮೇಲೆ ಅಡಗಿರುತ್ತಿತ್ತು. ಒಳಗಿನಿಂದ ಮುಚ್ಚಿದವರಿಗೆ ಮಾತ್ರ ದರ್ಶನ.

ಅವಸರಕ್ಕೆ ಎಳೆದ ಶಟರು ಇನ್ನೂ ನಡುಗುತ್ತಿತ್ತು. ಅದರೊಂದಿಗೆ ಅಜ್ಜಿಯ ಗಲ್ಲವೂ ಕುಲುಕುತ್ತಿತ್ತು. ಕೊಕ್ಕೆ ಹಿಡಿದ ಚಿಕ್ಕಪ್ಪ, "ಅಯ್ಯೋ, ಅಮ್ಮ!" ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಯಜಮಾನರ ಮೂಗಿನಿಂದ ಒಂದು ಸದ್ದು ಹೊರಟಿತು. ಈ ಸಲ ಅದು ರಾಗವಾಗಿರಲಿಲ್ಲ. ತಡೆಹಿಡಿದ ನಗು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕೆಮ್ಮಿ, "ಇದನ್ನ... ಇದನ್ನ ನನ್ನ ಗ್ಯಾಲರಿಗೆ ಕೊಡಮ್ಮ," ಎಂದರು.

"ಶಟರ್ ಕಿತ್ತು ಕೊಟ್ರೆ ಅಂಗಡಿಗೆ ಬಾಗಿಲೇ ಇರಲ್ಲ ಸಾರ್. ಮುಂದೆ ಬರೋ ಹಕ್ಕಿಗಳು ಹಾರಿಹೋಗ್ತವೆ. ಅಜ್ಜೀನ ನೋಡ್ಬೇಕು ಅನ್ನಿಸಿದ್ರೆ ನೀವೇ ಇಲ್ಲಿಗೆ ಬನ್ನಿ."

"ಕೇಳಿದೆಯೇನೇ? ನನ್ನನ್ನೇ ಬೇಡ ಅಂದ್ಲು!" ಎಂದು ಹೆಂಡತಿಯ ಭುಜ ಹಿಡಿದು ನೋಡೋಣಪ್ಪನವರು ನಗತೊಡಗಿದರು. ಚಿಕ್ಕಪ್ಪ ನಕ್ಕ, ಅಕ್ಕ ನಕ್ಕಳು, ಕೊನೆಗೆ ನನಗೂ ಧೈರ್ಯ ಬಂದು ನಕ್ಕೆ. ಅವರ ನಗುವಿನ ಮುಂದೆ ನಮ್ಮ ಯಾರ ನಗುವೂ ಕೇಳಿಸಲಿಲ್ಲ.