ನಿಂಬೆಹಣ್ಣಿಲ್ಲದ ಪ್ರಯಾಣ

ನಾನೊಂದು ಲಾರಿ. ಹುಟ್ಟುವಾಗ ನನಗಿದ್ದದ್ದು ಬರೀ ಎಂಜಿನ್ನು ಮತ್ತು ಚಾಸಿ. ಹುಬ್ಬಳ್ಳಿಯ ಬಡಗಿಗಳು ಮರದ ಮೈ ಕಟ್ಟಿದರು, ಪೇಂಟರ್ ಹಣೆಯ ಮೇಲೆ ಕಮಲ ಬರೆದ. ಊರಿನದೇ ಒಂದು ಪಂಪುಸೆಟ್ ಕಂಪನಿ ನನ್ನನ್ನು ಕೊಂಡಿತು. ಚಾಲಕ ಫಕೀರಪ್ಪ ದೂರದೂರಿಗೆ ಹೊರಟಾಗಲೆಲ್ಲ ನನ್ನ ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಅವು ಪಚಕ್ಕೆಂದು ಒಡೆದರೆ ನನಗೂ ಧೈರ್ಯ.

ಮಾರ್ಚ್ ಕೊನೆ ಬಂತೆಂದರೆ ಮಾತ್ರ ನಾಚಿಕೆ. ಪಂಪು ತುಂಬಿಕೊಂಡು ಗೇಟು ದಾಟುವುದು, ಊರಾಚೆಯ ಬಾಡಿಗೆ ಗೋದಾಮಿನಲ್ಲಿ ತಾಡಪತ್ರಿ ಹೊದ್ದು ನಿಲ್ಲುವುದು, ಏಪ್ರಿಲ್‌ನಲ್ಲಿ ಅದೇ ಪಂಪು ಹೊತ್ತು ಕಳ್ಳನ ಹಾಗೆ ಮರಳುವುದು. ಅಷ್ಟರಲ್ಲಿ ಅವೆಲ್ಲ ಮಾರಾಟವಾದವೆಂದು ವರ್ಷದ ಲೆಕ್ಕ ಮುಗಿದಿರುತ್ತಿತ್ತು. ಆ ಲಾಭವನ್ನು ನಂಬಿ ಜನ ಷೇರು ಕೊಳ್ಳುತ್ತಿದ್ದರು. ನಮ್ಮ ಕೆಲಸಗಾರರೂ ಕೊಂಡಿದ್ದರು, ಪಾಪ.

ಆಗ ಬಂದರು ಮಂದಾಕಿನಿ ಹುಕ್ಕೇರಿ, ಹಣಕಾಸು ವಿಭಾಗದ ಮುಖ್ಯಸ್ಥೆಯಾಗಿ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. "ಮಾಲೀಕರು ಫೋಟೋಕ್ಕಂತ ಕೂಡ್ರಿಸ್ಯಾರ," ಎಂದು ಕಚೇರಿಯ ಗಂಡಸರು ನನ್ನ ನೆರಳಲ್ಲೇ ಚಹಾ ಕುಡಿಯುತ್ತ ನಕ್ಕರು. ಆದರೆ ಮಂದಾಕಿನಿಯವರ ಸಹಿ ಬೀಳದೆ ಲೆಕ್ಕ ಹೊರಬರುವಂತಿರಲಿಲ್ಲ. ಹಿಂದಿನವರು ಕೂತಲ್ಲೇ ಸಹಿ ಹಾಕುತ್ತಿದ್ದರು. ಈಕೆ ಮಾರ್ಚ್ ಕೊನೆಯ ದಿನ ಅಂಗಳಕ್ಕೇ ಇಳಿದು ಬಂದರು.

"ಎಲ್ಲಿಗೆ ಹೊಂಟೀರಿ, ಫಕೀರಪ್ಪ?"

"ಸೊಲ್ಲಾಪುರಕ್ಕ್ರೀ ಮೇಡಂ."

ಅವರು ಬಗ್ಗಿ ನನ್ನ ಗಾಲಿ ನೋಡಿದರು. "ಮತ್ತ ಲಿಂಬಿಹಣ್ಣು? ನಮ್ಮಪ್ಪನೂ ಲಾರಿ ಹೊಡೀತಿದ್ದ. ಹಣ್ಣು ಇಡದ ಊರು ದಾಟತಿದ್ದಿಲ್ಲ."

ಸುಳ್ಳು ಪ್ರಯಾಣಕ್ಕೆ ದೇವರನ್ನು ಕರೆಯಲು ಫಕೀರಪ್ಪನಿಗೆ ಮನಸ್ಸು ಬರುತ್ತಿರಲಿಲ್ಲ. ಎಲ್ಲ ಹೇಳಿಬಿಟ್ಟ. ಆದರೂ ಮಾಲೀಕರ ಅಪ್ಪಣೆ ಮೀರಲಾರದೆ ನನ್ನನ್ನು ಗೋದಾಮಿಗೇ ಹೊಡೆದ.

ಮೇಡಂ ಸಹಿ ಹಾಕಲಿಲ್ಲ. ಆಡಳಿತ ಮಂಡಳಿ ಫಕೀರಪ್ಪನನ್ನು ಸಾಕ್ಷಿಗೆ ಕರೆಸಿತು. ಹಿಂದಿರುಗಿ ಬಂದವನು ನನ್ನ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತ. "ಸೊಲ್ಲಾಪುರಕ್ಕ ಹೋಗಿದ್ದೆ ಅಂದುಬಿಟ್ಟೆನೋ. ಮಾಲೀಕರ ಮುಂದ ನಾಲಿಗಿ ಹೊಳ್ಳಲಿಲ್ಲ." ಗೋದಾಮಿಗೇ ಹೋಗಿ ನೋಡೋಣ ಬನ್ನಿ ಎಂದು ಮೇಡಂ ಕೇಳಿಕೊಂಡರಂತೆ. ಹೆಂಗಸಿಗೆ ಅನುಮಾನ ಜಾಸ್ತಿ ಎಂದು ಮಂಡಳಿಯವರು ಎದ್ದುಹೋದರಂತೆ. ನನಗೆ ಬಾಯಿ ಇರಬೇಕಿತ್ತು ಎಂದು ಅವತ್ತು ಎಷ್ಟು ಹಂಬಲಿಸಿದೆನೋ!

ಕೆಲಸ ಬಿಡಿಸಿದ ದಿನ ಮೇಡಂ ತಮ್ಮ ಚಿಕ್ಕ ಕಾರು ಹತ್ತಿದರು. ಫಕೀರಪ್ಪ ಆ ಕಾರಿಗೆಂದು ತಂದ ನಿಂಬೆಹಣ್ಣು ಹಿಡಿದು ನನ್ನ ಹಿಂದೆ ಅಡಗಿ ನಿಂತಿದ್ದ. ಮುಖ ತೋರಿಸಲು ಅವನಿಂದಾಗಲಿಲ್ಲ. ಕಾರು ಹೊರಟುಹೋಯಿತು.

ಆಮೇಲೆ ಬಂದವರು ಕೇಳಿದಲ್ಲೆಲ್ಲ ಸಹಿ ಹಾಕಿದರು. ಸುಳ್ಳು ವರ್ಷದಿಂದ ವರ್ಷಕ್ಕೆ ಬೆಳೆದು ಕೊನೆಗೆ ಕಂಪನಿಯನ್ನೇ ನುಂಗಿತು. ಕೆಲಸಗಾರರ ಷೇರು ರದ್ದಿಗೂ ಬಾರದಂತಾಯಿತು, ಫಕೀರಪ್ಪನದೂ ಸೇರಿ.

ನನ್ನನ್ನು ಗುಜರಿಗೆ ಒಯ್ಯಲು ಕ್ರೇನು ಬಂದಾಗ ಅವನು ಎರಡು ನಿಂಬೆಹಣ್ಣು ತಂದು ನನ್ನ ಮುಂದಿನ ಗಾಲಿಗಳ ಕೆಳಗಿಟ್ಟ.

"ಈ ಸಲ ಖರೇನ ಹೊಂಟಿಯಲ್ಲೋ," ಎಂದು ಹಣೆ ಸವರಿದ. "ಅವತ್ತ ಮೇಡಂ ಗಾಡಿಗೆ ಇಡಬೇಕಾಗಿತ್ತು." ಬಿಕ್ಕಿ ಬಿಕ್ಕಿ ಅತ್ತ.

ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ನಾನು ಈಗಲೂ ಆ ಗಳಿಗೆಯನ್ನೇ ನೆನೆಯುತ್ತೇನೆ. ಕ್ರೇನು ನನ್ನ ಮುಂದಿನ ಗಾಲಿಗಳನ್ನು ಮೇಲೆತ್ತಿಯೇ ಎಳೆದೊಯ್ದಿತು. ಹಣ್ಣುಗಳು ಒಡೆಯಲಿಲ್ಲ. ಫಕೀರಪ್ಪನ ಕಾಲ ಬಳಿ ಹಾಗೇ ಉಳಿದವು.