ಬಟಾಟಿ ಕೀಳಲು ಬಂದ ಸಾವ್ಕಾರರು

ಸೆಪ್ಟೆಂಬರಿನ ಬಿಸಿಲಿಗೆ ಬಲವಿರಲಿಲ್ಲ, ಆದರೂ ಮಣ್ಣು ಇನ್ನೂ ಬೆಚ್ಚಗಿತ್ತು. ಲಂಡನ್ನಿನ ಕ್ವೀನ್ಸ್‌ಬರಿಯ ಮನೆಗಳ ಹಿಂದೆ ಕೌನ್ಸಿಲಿನವರು ಬಾಡಿಗೆಗೆ ಕೊಡುವ ಜಮೀನಿನ ತುಂಡಿನಲ್ಲಿ ನಿಜಲಿಂಗಪ್ಪ ಬೆಳಗಿನಿಂದ ಬಟಾಟಿ ಕೀಳುತ್ತಿದ್ದ. ಒಣಗಿದ ಗಿಡದಿಂದ ಗೇಣು ದೂರಕ್ಕೆ ಸಲಿಕೆ ಊರುವುದು, ಕಾಲಿನಿಂದ ಒತ್ತುವುದು, ಮಣ್ಣು ಮಗುಚುವುದು. ಹೆಂಡತಿ ಗುರುದೇವಿ ಹಿಂದಿನಿಂದ ಗಡ್ಡೆ ಆಯ್ದು ಬುಟ್ಟಿಗೆ ಹಾಕುತ್ತಿದ್ದಳು. ಕಣ್ಣು ಮಾತ್ರ ಗೇಟಿನ ಕಡೆಗಿತ್ತು.

“ಬರಾಂಗಿಲ್ಲ ಬಿಡು. ಮಂಗಳವಾರ ದೇಶಾ ಬಿಡಾವ್ರು ನಿನ್ನ ಬಟಾಟಿ ಕೀಳಾಕ ಬರ್ತಾರೇನ?” ಎಂದ ನಿಜಲಿಂಗಪ್ಪ.

“ಫೋನಿನ್ಯಾಗ ಹೂಂ ಅಂದಾರ. ಸಾವ್ಕಾರ್ರು ಅಂದ ಮಾತು ಎಂದರ ತಪ್ಪಿಸ್ಯಾರೇನ್ರಿ?”

ಸಾವ್ಕಾರರೆಂದರೆ ಹೋಲ್ಗರ್. ಡೆನ್ಮಾರ್ಕಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಬೆಣ್ಣೆಯ ಪೀಪಾಯಿಗಳ ಜೊತೆ ಹಡಗಿನಲ್ಲಿ ಲಂಡನ್ನಿಗೆ ಬಂದವರು. ಬೆಣ್ಣೆ, ಚೀಸು ತರಿಸಿ ಮಾರುತ್ತ ಗೋದಾಮು ಕಟ್ಟಿದರು, ಪಿನ್ನರ್‌ನಲ್ಲಿ ಮನೆ ಕೊಂಡರು. ಅವರಿಗೆ ಹಾಡಲು ಬಾರದು, ಚಿತ್ರ ಬರೆಯಲೂ ಬಾರದು. ಆದರೆ ಭಾನುವಾರ ಮಧ್ಯಾಹ್ನ ಆ ಮನೆಯ ಬಾಗಿಲಿಗೆ ಚಿಲಕವಿರುತ್ತಿರಲಿಲ್ಲ. ಪಿಟೀಲಿನವರು, ಶಿಲ್ಪಿಗಳು, ತಮ್ಮ ದೇಶದಿಂದ ಗಡೀಪಾರಾದ ಕವಿಗಳು, ಗೊಂಬೆ ಆಡಿಸುವವರು ಬರುತ್ತಿದ್ದರು. ಸಾರು, ಕಪ್ಪು ಬ್ರೆಡ್ಡು, ಚೀಸು ಎಲ್ಲರಿಗೂ ಒಂದೇ. ತಟ್ಟೆ ತೆಗೆದ ಮೇಲೆ ಹಾಡು, ಓದು.

ನಿಜಲಿಂಗಪ್ಪ ಆ ಗೋದಾಮಿನಲ್ಲಿ ವ್ಯಾನ್ ಓಡಿಸುತ್ತಿದ್ದ. ತೊಂಬತ್ನಾಲ್ಕನೇ ಇಸವಿಯಲ್ಲಿ ಒಂದು ಭಾನುವಾರ ಸಾವ್ಕಾರರು ಗಂಡಹೆಂಡತಿ ಇಬ್ಬರನ್ನೂ ಕರೆದರು. ಗುರುದೇವಿ ಅಂದು ತಾಯಿಯಿಂದ ಕಲಿತ ಬೀಸುವ ಕಲ್ಲಿನ ಹಾಡು ಹೇಳಿದಳು. ಮುಗಿದಾಗ ಹೋಲ್ಗರ್ ಎದ್ದು ನಿಂತು, “ಇವರು ಬಿಜಾಪುರದ ಹಾಡುಗಾರ್ತಿ, ನಮ್ಮ ಮನೆಗೆ ಬಂದಿದ್ದಾರೆ” ಎಂದು ಎಲ್ಲರಿಗೂ ಹೇಳಿದರು. ಡ್ರೈವರನ ಹೆಂಡತಿ ಎನ್ನಲಿಲ್ಲ. ತವರಿನಲ್ಲಿಯೂ ಯಾರೂ ಆಕೆಯನ್ನು ಆ ಮಾತಿನಿಂದ ಕರೆದಿರಲಿಲ್ಲ. ಮುಂದೆ ಹನ್ನೊಂದು ವರ್ಷ ಆಕೆ ಆ ಮನೆಯಲ್ಲಿ ಹಾಡಿದಳು, ಉಂಡಳು.

ತಿರುಗಿ ಉಣಿಸುವುದು ಮಾತ್ರ ಆಗಲಿಲ್ಲ. ಸಾವ್ಕಾರರು ತಮ್ಮ ಅತಿಥಿಗಳ ಮನೆಯಲ್ಲಿ ಉಣ್ಣುತ್ತಿರಲಿಲ್ಲ. “ಒಬ್ಬರಲ್ಲಿ ಉಂಡರೆ ಎಲ್ಲರಲ್ಲೂ ಉಣ್ಣಬೇಕು. ಒಂದೇ ಕೋಣೆಯಲ್ಲಿ ಬದುಕುವ ಕವಿ ನನ್ನನ್ನು ಎಲ್ಲಿ ಕೂರಿಸುತ್ತಾನೆ?” ಎನ್ನುತ್ತಿದ್ದರು. ಗುರುದೇವಿ ಎಷ್ಟು ಸಲ ಕರೆದರೂ ಇದೇ ಉತ್ತರ. ಈಗ ಪಿನ್ನರ್‌ನ ಮನೆ ಮಾರಾಟವಾಗಿತ್ತು. ಮಂಗಳವಾರ ಅವರು ಮಗಳಿರುವ ಡೆನ್ಮಾರ್ಕಿಗೆ ಹೊರಡುವವರಿದ್ದರು. ಗುರುದೇವಿ ಈ ಸಲ ಊಟದ ಮಾತೇ ಎತ್ತದೆ, ಬಟಾಟಿ ಕೀಳಲು ಆಳು ಸಿಗುತ್ತಿಲ್ಲ ಎಂದಷ್ಟೇ ತನ್ನ ಮಗಳಿಂದ ಫೋನಿನಲ್ಲಿ ಹೇಳಿಸಿದ್ದಳು.

ಬಿಸಿಲೇರುವ ಹೊತ್ತಿಗೆ ಗೇಟು ಕಿರುಗುಟ್ಟಿತು. ಹಳೆಯ ರಬ್ಬರ್ ಬೂಟು ತೊಟ್ಟು, ಹೆಗಲ ಮೇಲೆ ತಮ್ಮದೇ ಸಲಿಕೆ ಹೊತ್ತು ಹೋಲ್ಗರ್ ಬಂದರು. ಎಂಬತ್ತರ ಹತ್ತಿರದ ಮೈ, ಆದರೂ ಸಾಲಿನ ತುದಿ ಹಿಡಿದು ನಿಂತ ರೀತಿಯಲ್ಲಿ ಒಕ್ಕಲುತನವಿತ್ತು.

“ನನ್ನ ಗೋದಾಮಿನಲ್ಲಿ ನೀನು ಇಷ್ಟು ನಿಧಾನ ಇರಲಿಲ್ಲ,” ಎಂದರು ಇಂಗ್ಲಿಷಿನಲ್ಲಿ.

“ಅಲ್ಲಿ ನೀವು ಸಂಬಳ ಕೊಡುತ್ತಿದ್ದಿರಿ ಸರ್. ಇಲ್ಲಿ ಇವಳು ಬರೀ ಬೈಯುತ್ತಾಳೆ,” ಎಂದ ನಿಜಲಿಂಗಪ್ಪನೂ ಇಂಗ್ಲಿಷಿನಲ್ಲೇ.

ಇಬ್ಬರೂ ಎದುರುಬದುರು ಸಾಲು ಹಿಡಿದರು. ಹೋಲ್ಗರ್ ಒಂದು ಗಡ್ಡೆಗೂ ಸಲಿಕೆಯ ಗಾಯ ಮಾಡಲಿಲ್ಲ. ನಡುನಡುವೆ ನಿಂತು ಉಸಿರು ತೆಗೆದುಕೊಂಡರು, ಆದರೆ ಸಾಲು ಬಿಡಲಿಲ್ಲ.

ಮಧ್ಯಾಹ್ನ ಮಗಳು ಸಾನ್ವಿ ಮನೆಯಿಂದ ಬುತ್ತಿಯ ಗಂಟು ತಂದಳು. ಗುರುದೇವಿ ಬದುವಿನ ಮೇಲೆ ಬಟ್ಟೆ ಹಾಸಿ ಜೋಳದ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ, ಮೊಸರು ಹರವಿದಳು. ಹೋಲ್ಗರ್ ಅದನ್ನು ನೋಡಿದರು, ಕೈ ಒರೆಸಿಕೊಂಡರು, ಸಲಿಕೆ ಎತ್ತಿಕೊಂಡು ಗೇಟಿನತ್ತ ತಿರುಗಿದರು.

ಗುರುದೇವಿ ಮಗಳತ್ತ ತಿರುಗಿದಳು. ದನಿ ಗಟ್ಟಿಯಿತ್ತು. “ಸಾನ್ವಿ, ಅವರಿಗೆ ಹೇಳವಾ. ಇದು ನನ್ನ ಮನಿ ಅಲ್ಲ, ಹೊಲ. ನಮ್ಮ ಕಡೆ ಹೊಲದಾಗ ದುಡದಾವ್ರನ್ನ ಯಾರೂ ಊಟಕ್ಕ ಕರಿಯಾಂಗಿಲ್ಲ. ಬುತ್ತಿ ಬಿಚ್ಚಿದ್ರ ಅದು ಅವರ ಕೂಲಿ. ಹಂಗ ಹೋದ್ರ, ಆಳಿನ ಕೂಲಿ ನುಂಗಿದಾಕಿ ಅಂತ ಹೆಸರು ನನಗ ಬರ್ತದ.”

“ಶೀ ಸೇಸ್ ಇಟ್ಸ್ ಯುವರ್ ವೇಜಸ್,” ಎಂದಳು ಸಾನ್ವಿ. ಉಳಿದದ್ದನ್ನೂ ನಿಧಾನವಾಗಿ ತಿಳಿಸಿದಳು.

ಹೋಲ್ಗರ್ ಕಿತ್ತ ಸಾಲುಗಳನ್ನು ಒಮ್ಮೆ ನೋಡಿದರು. “ನಮ್ಮಪ್ಪನೂ ಯಾವ ಆಳನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದವನಲ್ಲ,” ಎಂದರು. ಸಲಿಕೆಯನ್ನು ನೆಲದಲ್ಲಿ ಊರಿ, ಮೊಣಕಾಲು ಹಿಡಿದುಕೊಂಡು ಬದುವಿನ ಮೇಲೆ ಕುಳಿತರು.

ರೊಟ್ಟಿ ಮುರಿಯಲು ಬಾರದೆ ಎರಡೂ ಕೈ ಹಚ್ಚಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೊಸರು ಬೆರೆಸಿಕೊಂಡರು. ಎರಡನೆಯ ರೊಟ್ಟಿಯನ್ನು ಕೇಳಿಯೇ ಹಾಕಿಸಿಕೊಂಡರು. ಗುರುದೇವಿ ಅವರ ಎದುರಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಬಡಿಸುವ ಕೆಲಸವನ್ನು ಮತ್ತಾರಿಗೂ ಬಿಡಲಿಲ್ಲ.

ಉಂಡು, ಉಳಿದಿದ್ದ ಅರ್ಧ ಸಾಲನ್ನೂ ಕಿತ್ತು ಮುಗಿಸಿಯೇ ಅವರು ಹೊರಟರು. ಗೇಟಿನಲ್ಲಿ ಆಕೆಯತ್ತ ತಲೆ ಬಾಗಿಸಿದರು. ಆಕೆ ಕೈ ಮುಗಿದಳು.

“ಅಂತೂ ಉಣಿಸಿ ಬಿಟ್ಟಿ. ತೀರ್ತಲ್ಲ ಋಣಾ?” ಎಂದ ನಿಜಲಿಂಗಪ್ಪ.

ಗುರುದೇವಿ ಬಟ್ಟೆ ಝಾಡಿಸಿ ಮಡಿಚಿದಳು. “ಎಲ್ಲೀದ್ರಿ. ಅದು ಅವರು ದುಡದು ಉಂಡಿದ್ದು. ನಾ ಉಣಿಸೂದು ಇನ್ನೂ ಹಂಗ ಐತಿ.”

ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಕೊರಗಿರಲಿಲ್ಲ. ಅಂಥವರ ಋಣ ತಲೆಯ ಮೇಲಿರುವುದು ಎಲ್ಲರಿಗೂ ಒದಗುವುದಲ್ಲ ಎಂಬಂತೆ ಸೆರಗು ಸಿಕ್ಕಿಸಿ, ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು.